ಬೀಳದ ಹೂವಿಗೆ ನಾ ಹೇಳಿದ ಅರ್ಥ

…ಇಲ್ಲವ್ವ, ಸಲಗರಿ ಊರಿನ ಬೀರಪ್ಪನ ಗುಡಿಗೆ ನಾ ಬರಂಗಿಲ್ಲ, ನಾಳೆ ನೀವು ಹೋಗಿ ಬರ್ರಿ. ಯಾಕ ಅಂತ ಪ್ರತಿ ವರ್ಷ ಕೇಳ್ತೀರಿ. ಇವತ್ತು ಚೈತ್ರದ ಸಂಜಿ, ಮಿರಜದ ಈ ಕಟ್ಟಿಮ್ಯಾಲ ಎಲ್ಲಾರೂ ಕೂಡೀರಿ, ಹೇಳೇ ಬಿಡ್ತೇನಿ. ಅಲ್ಲಿ ಮೊದಲ ಗುಡಿ ಇದ್ದಿದ್ದಿಲ್ಲ… ಅಲ್ಲ, ಇತ್ತು, ಆಳೆತ್ತರದ ಕಲ್ಲಿನ ಗುಡಿ, ಸುತ್ತೆಲ್ಲಾ ಬೀರಪ್ಪನ ಬನ. ಆಲ, ಅತ್ತಿ, ಬೇವು. ಮಧ್ಯಾಹ್ನದ ಬಿಸಲೂ ನೆಲ ಮುಟ್ಟತಿದ್ದಿಲ್ಲ. ದೇವರ ಸೊತ್ತು ಅಂತ ಅಲ್ಲಿಂದ ಒಣ ಕಡ್ಡಿನೂ ಯಾರೂ ಮನಿಗೆ ಒಯ್ಯತಿದ್ದಿಲ್ಲ. ಬನದ ಬುಡಕ್ಕ ಒಂದು ಒರತಿ. ಪೂಜಾರಿ ಮಾಳಪ್ಪಕಾಕಾನ ಕುರಿ ಎಂಥಾ ಬ್ಯಾಸಗಿಯೊಳಗೂ ಅಲ್ಲೇ ನೀರು ಕುಡೀತಿದ್ದವು.

ಊರ ಪಂಚರಿಗೆ ಸ್ಲ್ಯಾಬಿನ ದೊಡ್ಡ ಗುಡಿ ಬೇಕಾತು. ಅದಕ್ಕ ಬನ ಕಡೀಬೇಕು. ಕಾಕಾ ಅಂದ, "ದೇವ್ರನ್ನ ಕೇಳ್ರಿ." ಕೇಳೋದು ಹೆಂಗಪಾ ಅಂದ್ರ, ದೇವರ ಎರಡೂ ಹೆಗಲಿಗೆ ಒಂದೊಂದು ಒದ್ದಿ ಹೂ ಹಚ್ಚತಾರ, ಬಲದ್ದು ಬಿದ್ರ ಹೂಂ, ಎಡದ್ದು ಬಿದ್ರ ಬ್ಯಾಡ. ಮುಂಜಾನಿಂದ ಕುಂತ್ವಿ. ಸೂರ್ಯಾ ನೆತ್ತಿಮ್ಯಾಲ ಬಂದ, ಒಂದೂ ಬೀಳಲಿಲ್ಲ. "ಬೀಳೂತನಕ ಕುಂದರಬೇಕ್ರಿ, ನಮ್ಮ ಮುತ್ಯಾ ಮೂರು ದಿನ ಕುಂತಿದ್ದ," ಅಂದ ಕಾಕಾ. ಒಬ್ಬ ಪಂಚ ನಕ್ಕ: "ದೇವ್ರಿಗೆ ಪುರುಸೊತ್ತು ಐತಿ ಕಾಕಾ, ಜೆಸಿಬಿಗೆ ಇಲ್ಲ! ಮಾಸ್ತರ, ನೀವು ಓದಿದವ್ರು, ಶಾಸ್ತ್ರ ಏನಂತೈತಿ ಹೇಳ್ರಿ."

ಆಗ ಆ ಊರ ಸಾಲಿ ಮಾಸ್ತರ ನಾನ. ಎಲ್ಲಾರೂ ನನ್ನ ಕಡೆ ನೋಡಿದ್ರು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ, "ದೇವ್ರು ಬ್ಯಾಡ ಅಂದಿಲ್ಲ, ಅದಕ್ಕ ಒಪ್ಪಿಗಿ ಅಂತನ ಅರ್ಥ. ಜೀರ್ಣೋದ್ಧಾರಕ್ಕ ಮರ ಕಡಿದ್ರ ದೋಷವಿಲ್ಲ." ಹಂಗಂತ ಯಾವ ಗ್ರಂಥದಾಗೂ ನಾ ಓದಿದ್ದಿಲ್ಲ, ಮಕ್ಕಳಾ. ಪ್ರಸಾದದ ಅಡಿಗಿ ಆಗಿತ್ತು, ಹೊಟ್ಟಿ ಹಸ್ತಿತ್ತು. ಅದರ ಮ್ಯಾಲ, ಗೊತ್ತಿಲ್ಲ ಅನ್ನಾಕ ನನ್ನ ಪಾಂಡಿತ್ಯಕ್ಕ ನಾಚಿಕಿ. ಮಾಳಪ್ಪಕಾಕಾ, ನನಗಿಂತ ಎಷ್ಟೋ ಹಿರ್ಯಾ, ಬಗ್ಗಿ ನನ್ನ ಕಾಲು ಮುಟ್ಟಿದ. "ನೀವು ಅಂದ್ರ ಆತ್ರಿ," ಅಂತ ಎರಡೂ ಹೂ ತನ್ನ ಕೈಯಾರ ತಗದ.

ನಾಕು ದಿನದಾಗ ಬನ ಬಯಲಾತು. ಎರಡನೇ ಬ್ಯಾಸಗಿಗೆ ಒರತಿ ಬತ್ತಿತು. ಕಾಕಾ ನೀರು ಹುಡುಕ್ಕೋಂತ ಕುರಿ ಹೊಡಕೊಂಡು ದೂರ ಹೋದ. ಯಾವುದೋ ನಾಲಾದ ಹೊಲಸು ನೀರು ಕುಡಿದು ಕುರಿ ದಾರ್ಯಾಗ ಬಿದ್ದು ಸತ್ತವು. ನೋಡಾಕ ಹೋದೆ. ಖಾಲಿ ಕುರಿದಡ್ಡಿ ಮುಂದ ಕುಂತಿದ್ದ. "ಬರ್ರಿ ಮಾಸ್ತರ, ಕುಂದ್ರಿ," ಅಂದ. ಆಮ್ಯಾಲ ಸಣ್ಣ ದನಿಲೆ ಕೇಳಿದ, "ನಾ ಜನ್ಮಪೂರ್ತಿ ಪೂಜಿ ಮಾಡೇನ್ರಿ. ಬೀರಪ್ಪ ಹಂಗ್ಯಾಕ ಒಪ್ಪಿದ?"

ಒಪ್ಪಿದ್ದು ಬೀರಪ್ಪ ಅಲ್ಲ, ನಾನು. ಅಷ್ಟು ಅಂದಿದ್ರ ಸಾಕಾಗಿತ್ತು. ಚಹಾ ಕುಡಿದು ಎದ್ದು ಬಂದೆ.

ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ರವ್ವ, ದೇವರ ಬಾಯಾಗ ಇಡಬ್ಯಾಡ್ರಿ. ಮಾಳಪ್ಪಕಾಕಾ ದೇವರ ಮ್ಯಾಲ ಮುನಿಸಿಕೊಂಡು ಪೂಜಿ ಬಿಟ್ಟ, ಮುಂದಿನ ಮಳಿಗಿಂತ ಮೊದಲ ತೀರಿಕೊಂಡ.