ಬೆರಳಲ್ಲಿ ನಿಲ್ಲಿಸಿದ ಬಾಗಿಲು

ಹೆಸರು ಐತ, ತಂದೆಯ ಹೆಸರು ದೂಜ, ವಯಸ್ಸು ನಲವತ್ತೊಂದು, ಕಸುಬು ಮೋಟಾರು ಗಾಡಿಗಳ ತಗಡಿನ ಕೆಲಸ, ವಾಸ ಆಂಟಾಪ್ ಹಿಲ್ ಬದಿಯ ಚಾಳು, ಮುಂಬಯಿ. ಹುಟ್ಟೂರು ಉಡುಪಿಯ ಕಡೆ. ನನಗೆ ಮರಾಠಿ ಬರುತ್ತದೆ, ಆದರೆ ಸಿಟ್ಟು ಬಂದಾಗ ಬರುವುದಿಲ್ಲ. ಆದ್ದರಿಂದ ಕನ್ನಡ ಬಲ್ಲ ಹವಾಲ್ದಾರ್ ಶೆಟ್ಟೆಪ್ಪನವರು ಬರೆದುಕೊಳ್ಳುತ್ತಿದ್ದಾರೆ. ಅವರ ಎದುರಿಗೆ ನಾನು ಈ ಮೂಲಕ ತಿಳಿಸುವುದೇನೆಂದರೆ:

ವಡಾಲ ಸ್ಟೇಷನ್ನಿನ ಪೂರ್ವಕ್ಕೆ ನನ್ನ ಅಕ್ಕ ಸೇವಂತಿಯ ಗಂಡ ಕಾಂತಪ್ಪನವರ ಗ್ಯಾರೇಜು ಇದೆ. ನಾನು ಅಲ್ಲಿಯೇ ಅವರೊಂದಿಗೆ ಕೆಲಸ ಮಾಡುತ್ತೇನೆ. ನಿನ್ನೆ ಬೆಳಿಗ್ಗೆ ಒಂದು ಹಳೆಯ ಕಾರಿನ ಬಾಗಿಲು ಕಿತ್ತುಬಂದು ಸುಮಿತ್ರಮ್ಮ ಎಂಬವರು ರಸ್ತೆಗೆ ಬಿದ್ದರು. ಅವರು ಆಸ್ಪತ್ರೆಯಲ್ಲಿದ್ದಾರೆ, ಇನ್ನೂ ಕಣ್ಣು ತೆರೆದಿಲ್ಲ. ಬೋಲ್ಟುಗಳನ್ನು ಸಡಿಲಿಸಿದ್ದು ಕಾಂತಪ್ಪನೇ ಎಂದು ನನ್ನ ಭಾವನನ್ನು ಈ ಠಾಣೆಯಲ್ಲಿ ಕೂಡಿಹಾಕಿದ್ದಾರೆ. ಇವತ್ತು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರಂತೆ. ಅಷ್ಟರೊಳಗೆ ನಡೆದದ್ದನ್ನು ನಡೆದ ಹಾಗೆಯೇ ಬರೆಸಬೇಕೆಂದು ಬಂದಿದ್ದೇನೆ.

ಕಾರು ಜಯಸಿಂಹ ಎಂಬವರದು. ಮೈಸೂರಿನವರು, ಇಲ್ಲಿ ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆ. ಸುಮಿತ್ರಮ್ಮ ಅವರ ಹೆಂಡತಿ. ಜಯಸಿಂಹರ ತಂದೆ ರಾಮಸ್ವಾಮಿಗಳು ಮೂವತ್ತನಾಲ್ಕನೇ ಇಸವಿಯಲ್ಲಿ ಕೊಂಡ ಗಾಡಿ ಅದು. ಬಹಳ ವರ್ಷ ಗೋರೆಗಾಂವ್‌ನ ಒಂದು ಶೆಡ್ಡಿನಲ್ಲಿ ಬಿದ್ದಿತ್ತು. ಇಂಜಿನನ್ನು ಅಲ್ಲಿಯ ಮಿಸ್ತ್ರಿಯೊಬ್ಬರು ರಿಪೇರಿ ಮಾಡಿದ್ದರು. ತಗಡಿನ ಕೆಲಸಕ್ಕೆ ಮಳೆಗಾಲದ ಮೊದಲು ನಮ್ಮಲ್ಲಿಗೆ ಬಂತು. ಬಂದದ್ದು ಗಾಡಿಗಿಂತ ತುಕ್ಕೇ ಹೆಚ್ಚು. ಒಂದು ಮಡ್‌ಗಾರ್ಡನ್ನು ನಾವು ಕೈಯಲ್ಲೇ ಬಡಿದು ಹೊಸದಾಗಿ ಮಾಡಿದೆವು.

ಹಳೆಯ ಗಾಡಿಗೆ ತಗಡು ಕೂರಿಸುವುದು ಗೋಡೆಗೆ ಪಟ ಹಾಕಿದಂತಲ್ಲ. ಬಾಗಿಲು, ಬಾನೆಟ್ಟು, ಮಡ್‌ಗಾರ್ಡು ಎಲ್ಲವನ್ನೂ ಮೊದಲು ಒಟ್ಟಿಗೆ ತೂಗುಹಾಕಿ ಬೋಲ್ಟುಗಳನ್ನು ಬರೀ ಬೆರಳಲ್ಲಿ ತಿರುಗಿಸಿ ನಿಲ್ಲಿಸಬೇಕು. ಆಮೇಲೆ ಗಾಡಿಯನ್ನು ಚಕ್ರದ ಮೇಲೆ ಇಳಿಸಬೇಕು, ಏಕೆಂದರೆ ಭಾರ ಬಿದ್ದ ಕೂಡಲೇ ಬಾಗಿಲ ಸುತ್ತಲಿನ ಸಂದು ಬದಲಾಗುತ್ತದೆ. ಸಂದು ಎಲ್ಲ ಕಡೆಯೂ ಒಂದೇ ಸಮ ಬರುವ ತನಕ ಬಿಜಾಗರಿಯ ಅಡಿಗೆ ತೆಳು ತಗಡಿನ ಚೂರು ಇಡುತ್ತ, ತೆಗೆಯುತ್ತ ಇರಬೇಕು. ಒಂದನ್ನು ಮೊದಲೇ ಬಿಗಿದರೆ ಉಳಿದದ್ದೆಲ್ಲ ಸೊಟ್ಟಗಾಗುತ್ತದೆ. ಶುಕ್ರವಾರ ಸಂಜೆಗೆ ಎಲ್ಲ ಸಂದುಗಳೂ ಕೂಡಿಬಂದವು. ಭಾವನ ಮುಖದಲ್ಲಿ ಅಂಥ ಖುಷಿಯನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಹಬ್ಬ ಮುಗಿಸಿ ಸೋಮವಾರ ಪಾನ, ಅಂದರೆ ಸ್ಪ್ಯಾನರ್, ಹಿಡಿದು ಬಿಗಿಯುವುದೆಂದು ನಿಶ್ಚಯಿಸಿದೆವು. ಸಾಮಾನುಗಳನ್ನು ತೊಳೆದು ಪೂಜೆಯ ಮಣೆಯ ಮೇಲೆ ಇಟ್ಟೆವು.

ಈ ಗಾಡಿಯ ಮುಂದಿನ ಬಾಗಿಲುಗಳ ಬಿಜಾಗರಿ ಹಿಂಬದಿಗಿದೆ, ಬಾಗಿಲು ಮುಂದಿನಿಂದ ತೆರೆಯುತ್ತದೆ. ಓಡುವಾಗ ತೆರೆದುಕೊಂಡರೆ ಗಾಳಿಯೇ ಅದನ್ನು ಕಿತ್ತೆಸೆಯುತ್ತದೆ. ಎಡಗಡೆಯದರ ಚಿಲಕವೂ ಅರ್ಧವೇ ಹಿಡಿಯುತ್ತಿತ್ತು. ಆದ್ದರಿಂದ ಭಾವ ಅದರ ಹಿಡಿಯನ್ನು ಹಳೆಯ ಪಂಚೆಯ ತುಂಡಿನಿಂದ ಗಾಡಿಯ ಚೌಕಟ್ಟಿನ ಕಂಬಕ್ಕೆ ಕಟ್ಟಿದರು. ನಮ್ಮ ಗ್ಯಾರೇಜಿನಲ್ಲಿ ಬಟ್ಟೆ ಕಟ್ಟಿದ ಬಾಗಿಲನ್ನು ಯಾರೂ ಮುಟ್ಟುವುದಿಲ್ಲ. ಆದರೆ ಅದು ನಮಗೆ ಗೊತ್ತು, ಗಿರಾಕಿಗೆ ಗೊತ್ತಿಲ್ಲ.

ನಿನ್ನೆ, ದಿನಾಂಕ ೧೩-೧೦-೧೯೫೬, ಶನಿವಾರ, ಮಹಾನವಮಿ. ನಮಗೂ ಮೈಸೂರಿನವರಿಗೂ ಆಯುಧ ಪೂಜೆ. ಜಯಸಿಂಹರು ತಂದೆ, ಹೆಂಡತಿಯೊಂದಿಗೆ ಬಂದರು. ಎಷ್ಟು ಗಂಟೆಗೆ ಎಂದು ಶೆಟ್ಟೆಪ್ಪನವರು ಕೇಳಿದರು. ನನ್ನಲ್ಲಿ ಗಡಿಯಾರವಿಲ್ಲ ಎಂದೆ. “ಹಂಗಂದ್ರ ನಡಿಯಂಗಿಲ್ಲೋ ತಮ್ಮಾ, ಟೈಮ್ ಹೇಳು” ಎಂದರು. ಹತ್ತೂವರೆ ಎಂದು ಬರೆದುಕೊಳ್ಳಲಿ.

ಪೂಜೆಯಾದ ಮೇಲೆ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಬೀದಿ ತುದಿಯ ತನಕ ಹೋಗಿ ಬರುವುದಾಗಿ ಜಯಸಿಂಹರು ಹೇಳಿದರು. ಗಾಡಿ ಇನ್ನೂ ಬಿಗಿದಿಲ್ಲ, ಗೇಟಿನೊಳಗೇ ನಿಂಬೆಹಣ್ಣು ಹತ್ತಿಸಿ ನಿಲ್ಲಿಸಬೇಕು, ಎಡಗಡೆಯ ಬಾಗಿಲು ತೆರೆಯಲೇಬಾರದು ಎಂದು ಭಾವ ಹೇಳಿದರು. ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ; ರಾಮಸ್ವಾಮಿಗಳೂ ಸುಮಿತ್ರಮ್ಮನೂ ಆಗ ಆಚೆ ಪೂಜೆಯ ಮಣೆಯ ಹತ್ತಿರ ಇದ್ದರು. ತಮಗೆ ಯಾರೂ ಏನೂ ಹೇಳಲಿಲ್ಲವೆಂದು ಜಯಸಿಂಹರು ದೂರಿನಲ್ಲಿ ಬರೆಸಿರುವುದು ಸುಳ್ಳು. ಅವರು ಕೇಳಿದ ಮಾತು ನನಗೆ ಹಾಗೆಯೇ ನೆನಪಿದೆ. “ನಾಲ್ಕು ಬೋಲ್ಟು ಬಿಗಿಯೋಕೆ ಎಷ್ಟು ಹೊತ್ತು ಕಾಂತಪ್ಪ? ಈಗಲೇ ಬಿಗಿದುಬಿಡಿ.” ಭಾವ ಮಣೆಯ ಕಡೆ ಕೈ ತೋರಿಸಿದರು. “ಇವತ್ತು ಕಬ್ಬಿಣ ಎತ್ತುವ ಹಾಗಿಲ್ಲ ಸಾರ್. ನಿಮಗೂ ಗೊತ್ತುಂಟಲ್ಲ.”

ಇಬ್ಬರೂ ಒಂದೇ ಹಬ್ಬ ಹಿಡಿದುಕೊಂಡು ನಿಂತಿದ್ದರು. ಒಬ್ಬರಿಗೆ ಈ ದಿನ ಗಾಡಿ ಓಡಲೇಬೇಕು, ಇನ್ನೊಬ್ಬರಿಗೆ ಈ ದಿನ ಪಾನ ಎತ್ತಲೇಬಾರದು. ನನಗೆ ತಲೆ ಬಿಸಿಯಾಯಿತು. ಪಕ್ಕದ ಗ್ಯಾರೇಜು ಮರಾಠಿಯವರದು, ಅವರ ಪೂಜೆ ದಸರೆಯ ದಿನ, ನಿನ್ನೆ ಅಲ್ಲಿ ಕೆಲಸ ನಡೆದೇ ಇತ್ತು. ಅವರ ಪಾನ ತಂದು ಬಿಗಿಯೋಣ ಎಂದು ಭಾವನ ಕಿವಿಯಲ್ಲಿ ಹೇಳಿದೆ. “ಪಾನ ಅವರದ್ದು ಮಾರಾಯ, ಕೈ ನಮ್ಮದೇ ಅಲ್ಲವಾ” ಎಂದರು.

ಮಂಗಳಾರತಿ ಆಯಿತು. ಕುಂಬಳಕಾಯಿ ತರಲು ಭಾವ ಒಳಗೆ ಹೋದರು. ನಾನು ಬಲಗಡೆಯ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದೆ. ಜಯಸಿಂಹರು ಸ್ಟೇರಿಂಗಿನಲ್ಲಿ ಕೂತು ಇಂಜಿನ್ ಶುರು ಮಾಡಿದರು. ನಾನು ತಲೆ ಎತ್ತಿದಾಗ ಬಾನೆಟ್ಟಿನ ಆಚೆ ರಾಮಸ್ವಾಮಿಗಳು ಬಾಗಿಲ ಹಿಡಿಯಿಂದ ಬಟ್ಟೆ ಬಿಚ್ಚುತ್ತಿದ್ದರು. “ಪೂಜೆ ಗಾಡಿಗೆ ಹಳೇ ಚಿಂದಿ ಕಟ್ತಾರೇನಪ್ಪ? ಹತ್ತಮ್ಮ, ಲಕ್ಷ್ಮಿ ಮೊದಲು ಕೂತ್ಕೋಬೇಕು” ಎಂದು ಸೊಸೆಯನ್ನು ಕೂರಿಸಿ ಬಾಗಿಲು ಹಾಕಿದರು. ಬೇಡ ಸ್ವಾಮಿ ಎಂದು ಕೂಗಿದೆ. ಗಂಟೆ, ಜಾಗಟೆ, ಇಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಕೇಳಲಿಲ್ಲ. ನಾನು ಸುತ್ತಿಬರುವಷ್ಟರಲ್ಲಿ ನಿಂಬೆಹಣ್ಣು ಒಡೆದು ಗಾಡಿ ಮುಂದೆ ಹೋಗಿತ್ತು.

ಗೇಟಿನಲ್ಲಿ ನಿಲ್ಲಿಸುತ್ತಾರೆಂದುಕೊಂಡೆ. ನಿಲ್ಲಿಸಲಿಲ್ಲ. ನಾನು ಹಿಂದೆಯೇ ಓಡಿದೆ. ಆಂಟಾಪ್ ಹಿಲ್ ಕಡೆಗೆ ಬಲಕ್ಕೆ ತಿರುಗುವಲ್ಲಿ ಎಡ ಬಾಗಿಲು ತೆರೆದುಕೊಂಡಿತು. ಮೇಲಿನ ಬಿಜಾಗರಿ ಕಿತ್ತುಬಂತು, ಸುಮಿತ್ರಮ್ಮ ರಸ್ತೆಗೆ ಬಿದ್ದರು. ಸೀರೆಯ ಸೆರಗು ಕೆಳಗಿನ ಬಿಜಾಗರಿಗೆ ಸಿಕ್ಕಿಕೊಂಡಿತ್ತು, ಸ್ವಲ್ಪ ದೂರ ಎಳೆದೊಯ್ದಿತು. ಎಷ್ಟು ಅಡಿ ಎಂದು ಶೆಟ್ಟೆಪ್ಪನವರು ಕೇಳುತ್ತಿದ್ದಾರೆ. ಅಳೆದವರು ಪೊಲೀಸರು, ಅವರೇ ಬರೆದುಕೊಳ್ಳಲಿ. ಅದನ್ನು ಮತ್ತೆ ಹೇಳಲು ನನ್ನಿಂದಾಗದು.

ಗಾಡಿ ನಿಂತ ಮೇಲೂ ಸೆರಗು ಬಿಡಲಿಲ್ಲ, ಕುತ್ತಿಗೆಗೆ ಸುತ್ತಿಕೊಂಡಿತ್ತು. ಕೆಳಗಿನ ಬೋಲ್ಟು ಬಾಗಿ ಬಿಗಿದುಹೋಗಿ ನನ್ನ ಬೆರಳಿಗೆ ಬಗ್ಗಲಿಲ್ಲ. ಆಗ ಭಾವ ಓಡಿಬಂದರು. ಕೈಯಲ್ಲಿ ಮಣೆಯ ಮೇಲಿನ ಪಾನ ಇತ್ತು. ನಾಲ್ಕು ಬೋಲ್ಟು ಬಿಗಿಯಲು ಎತ್ತದ ಪಾನವನ್ನು ಅವರು ಈ ಒಂದನ್ನು ಬಿಚ್ಚಲು ಎತ್ತಿದರು. ಬೋಲ್ಟು ಬಂತು, ಸೆರಗು ಬಿಟ್ಟಿತು, ಸುಮಿತ್ರಮ್ಮನ ಉಸಿರು ಕೇಳಿಸಿತು. ಜನ ಸೇರಿದಾಗ ಕಂಡದ್ದು ಇಷ್ಟೇ: ಮುರಿದ ಬಾಗಿಲು, ಅದರ ಪಕ್ಕದಲ್ಲಿ ಪಾನ ಹಿಡಿದ ಮನುಷ್ಯ. ಪಂಚನಾಮೆಯಲ್ಲಿಯೂ ಅಷ್ಟೇ ಇದೆ.

ನೀವು ಹಿಡಿದಿಟ್ಟ ಆ ಪಾನದ ಮೇಲೆ ಕುಂಕುಮವಿದೆ. ಉಳಿದ ಸಾಮಾನು ಈಗಲೂ ಮಣೆಯ ಮೇಲೆ ಹೂವು ಸಮೇತ ಇದೆ, ಹೋಗಿ ನೋಡಬಹುದು. ಇವತ್ತು ನಿಮ್ಮ ಠಾಣೆಯಲ್ಲೂ ಬಂದೂಕುಗಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದಾರೆ. ಆದ್ದರಿಂದ ಇದು ನಿಮಗೆ ತಿಳಿಯದ ಸಂಗತಿಯಲ್ಲ.

ನಿನ್ನೆ ಸಂಜೆ ಊಟ ಕೊಡಲು ಬಂದಾಗ, ಬಾಗಿಲ ಬಟ್ಟೆ ಬಿಚ್ಚಿದವರು ಯಾರೆಂದು ನಾನು ಹೇಳಿದ್ದನ್ನು ಪೊಲೀಸರಿಗೆ ತಿಳಿಸಿದಿರಾ ಎಂದು ಭಾವನನ್ನು ಕೇಳಿದೆ. ಹೇಳಿಲ್ಲ, ನೀನೂ ಹೇಳಬೇಡ ಎಂದರು. “ಆ ಹುಡುಗಿಗೆ ಏನಾದರೂ ಆದರೆ ಮಗ ಅಪ್ಪನ ಮುಖ ನೋಡುವುದುಂಟಾ? ಗಿರಾಕಿಯ ಕೈಗೆ ಕೊಡುವ ತನಕ ಬಾಗಿಲು ನನ್ನದೇ ಐತ.” ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಕ್ಕನ ಮುಖ ಯಾರು ನೋಡಬೇಕು ಎಂದು ಕೇಳಿ ಹೊರಗೆ ಬಂದೆ.

ಇವತ್ತು ಬೆಳಿಗ್ಗೆ ರಾಮಸ್ವಾಮಿಗಳ ಮನೆಗೆ ಹೋದೆ. ಬೈದು ಬರಬೇಕೆಂದೇ ಹೋದದ್ದು. ಬಾಗಿಲು ತೆರೆದವರು ಅವರೇ. ನಿನ್ನೆಯ ಕೋಟನ್ನು ಇನ್ನೂ ಬಿಚ್ಚಿರಲಿಲ್ಲ. ನಾನು ಏನೂ ಹೇಳುವ ಮೊದಲೇ ಜೇಬಿನಿಂದ ಪಂಚೆಯ ತುಂಡನ್ನು ತೆಗೆದರು. ನೀಟಾಗಿ ಮಡಿಸಿಟ್ಟುಕೊಂಡಿದ್ದರು. ಇದು ಯಾಕೆ ಕಟ್ಟಿತ್ತು ಎಂದು ಕೇಳಿದರು. ಹೇಳಿದೆ. ಬಾಗಿಲು ತೆರೆಯಬಾರದೆಂಬ ಮಾತನ್ನು ಮಗ ಅವರಿಗೆ ಹೇಳಿರಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಹೊರಟರು.

ಈಗ ಅವರು ಈ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ಕೂತಿದ್ದಾಳೆ. ಬಟ್ಟೆ ಬಿಚ್ಚಿದವರು ಯಾರೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಅವಳು ಅವರಿಗೆ ಕುಡಿಯಲು ನೀರು ಕೊಟ್ಟದ್ದನ್ನು ನಾನು ಇಲ್ಲಿಂದಲೇ ನೋಡಿದೆ.

ಹೇಳಿಕೆಯನ್ನು ಶೆಟ್ಟೆಪ್ಪನವರು ನನಗೆ ಗಟ್ಟಿಯಾಗಿ ಓದಿ ಹೇಳಿದರು. ರಾಮಸ್ವಾಮಿಗಳ ಹೆಸರು ಬಂದಲ್ಲಿ ನಿಲ್ಲಿಸಿ, “ಹಿರೇರು ಅದಾರ, ಇದು ಇರಲೇನು?” ಎಂದು ನನ್ನನ್ನು ಕೇಳಿದರು. ನಾನು ಬಾಗಿಲ ಕಡೆ ನೋಡಿದೆ. ಆಗ ಹೊರಗಿನ ಬೆಂಚಿನಿಂದ ರಾಮಸ್ವಾಮಿಗಳು ಎದ್ದು ಬಂದು, ಬಟ್ಟೆಯ ತುಂಡನ್ನು ಮೇಜಿನ ಮೇಲೆ ಇಟ್ಟು, “ಇರಲಿ. ಅದರ ಕೆಳಗೆ ನನ್ನದನ್ನೂ ಬರ್ಕೊಳ್ಳಿ” ಎಂದರು.

ಇದರಲ್ಲಿ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಬಿಟ್ಟರೆ ಬೇರೇನೂ ಸೇರಿಲ್ಲ. ಯಾರ ಒತ್ತಾಯದಿಂದಲೂ ಬರೆಸಿದ್ದಲ್ಲ. ಬೇಡವೆಂದ ಭಾವನ ಮಾತು ಮೀರಿ ಬರೆಸಿದ್ದು.

ಸ್ಥಳ: ಮುಂಬಯಿ
ದಿನಾಂಕ: ೧೪-೧೦-೧೯೫೬, ವಿಜಯದಶಮಿ
ರುಜು: ಐತ
ಬರೆದುಕೊಂಡವರು: ಶೆಟ್ಟೆಪ್ಪ, ಹವಾಲ್ದಾರ್