ಗವಿಯೊಳಗೆ ಸಿಕ್ಕಿಕೊಂಡ ಅಧ್ಯಕ್ಷರು

ಒಂದೂರಲ್ಲಿ ಒಂದು ತರುಣ ಸಂಘ ಇತ್ತು, ಆ ಸಂಘಕ್ಕೆ ಒಬ್ಬರು ಅಧ್ಯಕ್ಷರಿದ್ದರು. ಯಾವ ಊರು ಎಂದು ಕೇಳಬೇಡಿ, ಅವರ ಬೀಗರು ಈ ಪ್ರವಚನದಲ್ಲೇ ಎಲ್ಲೋ ಕೂತಿರಬಹುದು. ವಯಸ್ಸು ನಲವತ್ತೆರಡು. ತಾರುಣ್ಯ ಅವರನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಅವರು ಮಾತ್ರ ತರುಣ ಸಂಘವನ್ನು ಬಿಟ್ಟಿರಲಿಲ್ಲ.

ಆ ಸಂಘದಲ್ಲಿ ಒಂದು ಪದ್ಧತಿ. ಅಧ್ಯಕ್ಷರು ಏಳುವ ತನಕ ಯಾರೂ ಏಳಬಾರದು. ಅಧ್ಯಕ್ಷರು ಉಣ್ಣುವ ತನಕ ಯಾರೂ ತುತ್ತು ಎತ್ತಬಾರದು. ಅಧ್ಯಕ್ಷರು ಹೊರಡುವ ತನಕ ಯಾರೂ ಹೊರಡಬಾರದು. ಒಮ್ಮೆ ಸಭೆ ಮುಗಿದ ಮೇಲೆ ಅಧ್ಯಕ್ಷರಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತು. ಹುಡುಗರು ಒಂದೂವರೆ ತಾಸು ಕೈಕಟ್ಟಿಕೊಂಡು ಕೂತೇ ಇದ್ದರು. ಎಚ್ಚರವಾದ ಮೇಲೆ ಅಧ್ಯಕ್ಷರು ಕಣ್ಣುಜ್ಜಿಕೊಂಡು ನೋಡಿ, ಇವತ್ತಿನ ಸಭೆ ಬಹಳ ಶಾಂತವಾಗಿ ನಡೆಯಿತು ಎಂದು ಮೆಚ್ಚಿಕೊಂಡರು.

ಹೀಗಿರುವಾಗ ತಾಲ್ಲೂಕಿನ ತರುಣ ಸಂಘಗಳೆಲ್ಲ ಸೇರಿದ ಒಕ್ಕೂಟಕ್ಕೆ ಹೊಸ ಮುಖ್ಯಸ್ಥರು ಬೇಕಾದರು. ಆರಿಸುವ ಹೊಣೆ ಒಬ್ಬ ಹಿರಿಯರದು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಅಧ್ಯಕ್ಷರಿಗೆ ಆ ಹುದ್ದೆಯ ಮೇಲೆ ಎಷ್ಟು ಆಸೆ ಎಂದರೆ, ಅದಕ್ಕೆಂದೇ ಒಂದು ಹೊಸ ಜುಬ್ಬಾ ಹೊಲಿಸಿಟ್ಟಿದ್ದರು. ಕಾಕಾ ಬುದ್ಧಿವಂತರು. ಭಾಷಣ ಕೇಳಿ ಆರಿಸುವುದಿಲ್ಲ, ಹುಡುಗರನ್ನು ನಡೆಸಿಕೊಂಡು ಹೋಗುವ ರೀತಿ ನೋಡಿ ಆರಿಸುತ್ತೇನೆ ಎಂದರು. ಊರಾಚೆಯ ಗುಡ್ಡದಲ್ಲಿ ಒಂದು ಗವಿ. ಒಳಗೆ ಯಾವುದೋ ಕಾಲದ ತಪಸ್ವಿಯ ಕಲ್ಲಿನ ಪೀಠವಿದೆಯಂತೆ. ಅದನ್ನು ಹುಡುಗರಿಗೆ ತೋರಿಸಿಕೊಂಡು ಬರುವುದೆಂದು ನಿಶ್ಚಯವಾಯಿತು.

ಸರಿ, ಭಾನುವಾರ ಬೆಳಿಗ್ಗೆ ಹನ್ನೊಂದು ಮಂದಿ ಹುಡುಗ ಹುಡುಗಿಯರು, ಅಧ್ಯಕ್ಷರು, ಕಾಕಾ ಗುಡ್ಡ ಹತ್ತಿದರು. ದಾರಿಯಲ್ಲಿ ಅಧ್ಯಕ್ಷರು ಆರು ಮಿರ್ಚಿ ಭಜಿ ತಿಂದರು. ಈ ಭಜಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಕಾಕಾರಿಗೆ ಮಂಡಿನೋವು, ಅವರು ಗವಿಯ ಹೊರಗೆ ಬೇವಿನ ಮರದ ಕೆಳಗೆ ಕೂತರು. ಅಧ್ಯಕ್ಷರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಅವರ ಯಾವ ಮಾತೂ ಈ ಎರಡು ಕೆಮ್ಮಿಲ್ಲದೆ ಶುರುವಾಗುತ್ತಿರಲಿಲ್ಲ. ಹ್ಹೂಂ, ಹ್ಹೂಂ. ಕಾಕಾರಿಗೆ ಕೇಳುವಂತೆ ಒಂದು ಭಾಷಣ ಮಾಡಿ, ತಮ್ಮ ಬಾಯಲ್ಲಿ ಹಿಂದಕ್ಕೆ ಎಂಬ ಮಾತೇ ಇಲ್ಲ, ಮುಂದಕ್ಕೆ ಎಂಬುದೊಂದೇ ತಮಗೆ ಗೊತ್ತು ಎಂದು ಸಾರಿದರು.

ಅಷ್ಟರಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. ಅಧ್ಯಕ್ಷರ ಹೆಸರು ಹೇಳಲಿಲ್ಲ, ಇವಳ ಹೆಸರು ಹೇಳಬಹುದು, ನಾಚಿಕೆಪಡುವಂಥದ್ದೇನೂ ಇವಳು ಮಾಡಿಲ್ಲ. ನೀಲವ್ವ. ಎಮ್ಮೆಯ ಹಾಗೆ ಕೂಗುವಳು, ಬಸ್ಸಿನ ಕಂಡಕ್ಟರನ ಹಾಗೆ ಸೀಟಿ ಹಾಕುವಳು, ಬೆನ್ನ ಹಿಂದೆ ಅಧ್ಯಕ್ಷರ ಹಾಗೆ ಕೆಮ್ಮುವಳು.

"ಸರ, ಒಳಗ ದಾರಿ ಬಂದ್ ಆಗಿದ್ರ ಮೊದಲ ಯಾರು ಹೊರಗ ಬರಬೇಕ್ರಿ?"

ಕೇಳಬೇಕಾದ ಪ್ರಶ್ನೆ ಹೌದೋ ಅಲ್ಲವೋ? ಅಧ್ಯಕ್ಷರಿಗೆ ಅದು ಉದ್ಧಟತನದಂತೆ ಕೇಳಿತು. ಪ್ರಶ್ನೆ ಕೇಳುವವರೆಲ್ಲ ಸಾಲಿನ ಕೊನೆಗೆ ನಿಲ್ಲಬೇಕು ಎಂದರು. ನೀಲವ್ವ ಕೊನೆಗೆ ಹೋಗಿ ನಿಂತಳು.

ಗವಿ ಮೊದಮೊದಲು ಅಗಲವಾಗಿತ್ತು. ನಡೆಯುತ್ತ ನಡೆಯುತ್ತ ಬಗ್ಗಬೇಕಾಯಿತು, ಬಗ್ಗುತ್ತ ಬಗ್ಗುತ್ತ ಅಂಬೆಗಾಲಿಡಬೇಕಾಯಿತು, ಕೊನೆಗೆ ಹೊಟ್ಟೆಯ ಮೇಲೆ ತೆವಳಬೇಕಾಯಿತು. ಒಬ್ಬರ ಹಿಂದೆ ಒಬ್ಬರು, ರೈಲಿನ ಡಬ್ಬಿಗಳ ಹಾಗೆ. ಎಂಜಿನ್ ನಮ್ಮ ಅಧ್ಯಕ್ಷರು. ಹೊಗೆ ಬಿಡುವ ಎಂಜಿನ್. ಭಜಿ ನೆನಪಿದೆಯಲ್ಲ? ಅವರ ಹಿಂದೆಯೇ ತೆವಳುತ್ತಿದ್ದ ಹುಡುಗನದು ಆ ಪುರಾತನ ತಪಸ್ವಿಯದಕ್ಕಿಂತ ದೊಡ್ಡ ತಪಸ್ಸು.

ಟಾರ್ಚಿನ ಬೆಳಕಿನಲ್ಲಿ ಅಧ್ಯಕ್ಷರಿಗೆ ಎದುರಿಗೆ ಕಂಡದ್ದು ಪೀಠವಲ್ಲ, ಒಂದು ಬಂಡೆ. ಮೇಲಿನಿಂದ ಕುಸಿದು ದಾರಿಯನ್ನು ಪೂರ್ತಿ ಮುಚ್ಚಿತ್ತು. ಮುಂದೆ ಕಲ್ಲು, ಎಡಕ್ಕೆ ಕಲ್ಲು, ಬಲಕ್ಕೆ ಕಲ್ಲು, ಹಿಂದೆ ಹನ್ನೊಂದು ಜನ. ಈಗ ಏನು ಮಾಡಬೇಕು? ಹಿಂದಕ್ಕೆ ಸರಿಯಿರಿ ಎನ್ನಬೇಕು. ಎರಡೇ ಮಾತು. ಆದರೆ ಆ ಎರಡು ಮಾತು ಗಂಟಲಿನಿಂದ ಮೇಲೆ ಬರಲಿಲ್ಲ. ಗವಿಯೊಳಗಿನ ಸದ್ದು ಹೊರಗೆ ಕಾಕಾರ ತನಕ ಕೇಳಿಬಿಟ್ಟರೆ? ಹೊಸ ಜುಬ್ಬಾ ಏನಾಗಬೇಕು?

ಅಧ್ಯಕ್ಷರು ಎರಡು ಸಲ ಕೆಮ್ಮಿ ಘೋಷಿಸಿದರು: ಇದೇ ಧ್ಯಾನದ ಸ್ಥಳ, ಎಲ್ಲರೂ ಧ್ಯಾನಕ್ಕೆ ಕೂಡಬೇಕು. ಕೂಡುವುದಕ್ಕೆ ಜಾಗ ಎಲ್ಲಿದೆ? ಎಲ್ಲರೂ ಮೂಗನ್ನು ಮಣ್ಣಿಗೆ ಹಚ್ಚಿ ಮಲಗಿಕೊಂಡೇ ಧ್ಯಾನ ಮಾಡಿದರು. ಐದು ನಿಮಿಷ ಆಯಿತು. ಹತ್ತು ನಿಮಿಷ ಆಯಿತು. ನಡುವಿನ ಯಾರೋ ಗೊರಕೆ ಹೊಡೆಯತೊಡಗಿದರು. ಟಾರ್ಚಿನ ಬೆಳಕು ಹಳದಿಯಾಯಿತು, ಕೆಂಪಾಯಿತು, ಆರಿತು. ಅಧ್ಯಕ್ಷರಿಗೆ ಇನ್ನು ತಡೆಯಲಾಗಲಿಲ್ಲ. ಬಾಯಿಬಿಟ್ಟು ಹೇಳದೆಯೇ ತಿಳಿಸೋಣ ಎಂದು ಬಲಗಾಲಿನಿಂದ ಹಿಂದಿನ ಹುಡುಗನ ತಲೆಯನ್ನು ಮೆಲ್ಲಗೆ ತಳ್ಳಿದರು.

ಹುಡುಗ ಏನೆಂದುಕೊಂಡ ಹೇಳಿ? ಅಧ್ಯಕ್ಷರು ಧ್ಯಾನದ ನಡುವೆ ಪಾದ ಕೊಟ್ಟರು ಎಂದುಕೊಂಡ. ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ. ಅಧ್ಯಕ್ಷರು ಇನ್ನೂ ಜೋರಾಗಿ ತಳ್ಳಿದರು. ಅವನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟೇ ಅಲ್ಲ, ತನಗೆ ಸಿಕ್ಕಿದ್ದು ತನ್ನ ಹಿಂದಿನವನಿಗೂ ಸಿಗಲಿ ಎಂದು ತನ್ನ ಕಾಲನ್ನು ಅವನ ತಲೆಗೆ ಮುಟ್ಟಿಸಿದ. ಅವನು ತನ್ನ ಹಿಂದಿನವಳಿಗೆ ಮುಟ್ಟಿಸಿದ. ಹೀಗೆ ಆಶೀರ್ವಾದ ಹತ್ತು ತಲೆಗಳ ಮೇಲೆ ಹರಿದು ನೀಲವ್ವನ ತಲೆಗೆ ಟಪ್ ಎಂದು ಬಂದು ಮುಟ್ಟಿತು.

ನೀಲವ್ವನಿಗೆ ತಕ್ಷಣ ತಿಳಿಯಿತು. ಅಧ್ಯಕ್ಷರು ಸಿಕ್ಕಿಕೊಂಡಿದ್ದಾರೆ. ತಾನು ಹೇಳಿದರೆ ಯಾರೂ ಕದಲುವುದಿಲ್ಲ, ಅಧ್ಯಕ್ಷರ ಅಪ್ಪಣೆ ಇಲ್ಲವಲ್ಲ. ಅಧ್ಯಕ್ಷರು ಹೇಳುವುದಿಲ್ಲ. ಹಾಗಾದರೆ? ಅವಳು ಎರಡು ಸಲ ಕೆಮ್ಮಿದಳು. ಹ್ಹೂಂ, ಹ್ಹೂಂ.

"ನನ್ನ ಆತ್ಮೀಯ ತರುಣರೆ, ಧ್ಯಾನ ಮುಗೀತು. ಎಲ್ಲಾರೂ ಹಿಂದಕ್ಕ ಸರೀರಿ. ಕೊನೀಗಿದ್ದಾವ್ರು ಮೊದಲ ಹೊರಗ ಹೋಗ್ರಿ. ನಾ ಎಲ್ಲಾರಕಿಂತ ಕಡೀಗೆ ಬರ್ತೀನಿ."

ಗವಿಯೊಳಗೆ ಧ್ವನಿ ಎತ್ತಲಿಂದ ಬಂತೆಂದು ಯಾರಿಗೆ ತಿಳಿಯುತ್ತದೆ? ಅದೇ ಕೆಮ್ಮು, ಅದೇ ಗತ್ತು. ಇಡೀ ಸಾಲು ಸರಸರನೆ ಹಿಂದಕ್ಕೆ ಸರಿಯಿತು. ಕತ್ತಲಲ್ಲಿ ಬಿದ್ದಿದ್ದ ಅಧ್ಯಕ್ಷರೂ ಆ ಮಾತು ಕೇಳಿದರು. ಎಷ್ಟು ದೊಡ್ಡ ಮನಸ್ಸಿನ ಮನುಷ್ಯ, ತಾನು ಕಡೆಗೆ ಬರುತ್ತೇನೆ ಎನ್ನುತ್ತಾನಲ್ಲ ಎಂದು ಅವರ ಕಣ್ಣು ತುಂಬಿ ಬಂತು. ಆಗಲಿರಿ ಎಂದು ಮೆಲ್ಲಗೆ ಉತ್ತರವನ್ನೂ ಕೊಟ್ಟರು. ಆ ಧ್ವನಿ ತಮ್ಮದೇ ಎಂಬುದು ಅವರಿಗೆ ಹೊಳೆದದ್ದು ಅರ್ಧ ದಾರಿ ತೆವಳಿದ ಮೇಲೆ, ಹಾಗೆ ಕೆಮ್ಮಬಲ್ಲವಳು ಯಾರೆಂಬುದು ಉಳಿದರ್ಧದಲ್ಲಿ.

ಎಲ್ಲರೂ ಮೈತುಂಬ ಮಣ್ಣಾಗಿ ಹೊರಗೆ ಬಂದು ನಿಂತರು. ಕೊನೆಯದಾಗಿ ಬಂದವರು ಅಧ್ಯಕ್ಷರು. ಕಾಕಾ ಅಷ್ಟೂ ನೋಡಿದ್ದರು. ಹಿಂದಿದ್ದವರನ್ನು ಮೊದಲು ಕಳಿಸಿ ತಾವು ಕಡೆಗೆ ಬಂದಿರಿ, ಇದು ಯಾರ ಬುದ್ಧಿ ಎಂದು ಮೆಚ್ಚುಗೆಯಿಂದ ಕೇಳಿದರು. ಹುಡುಗರು ಒಕ್ಕೊರಲಿನಿಂದ, ನಮ್ಮ ಅಧ್ಯಕ್ಷರದು ಎಂದರು. ನೀಲವ್ವ ಕಾಲಿನ ಮಣ್ಣು ಕೊಡವುತ್ತ ನಿಂತಿದ್ದಳು.

ನೋಡಿ, ಹುದ್ದೆ ಕೈಗೆ ಬಂದು ನಿಂತಿದೆ. ಸುಮ್ಮನಿದ್ದರೆ ಸಾಕು. ಅಧ್ಯಕ್ಷರು ಅಭ್ಯಾಸದಂತೆ ಕೆಮ್ಮಲು ಹೋದರು, ಕೆಮ್ಮು ಬರಲಿಲ್ಲ.

"ನಾ ಒಳಗ ಸಿಕ್ಕೊಂಡಿದ್ದೆ ಕಾಕಾ. ಹಿಂದಕ್ಕ ಅನ್ನಾಕ ಬಾಯಿ ಬರ್ಲಿಲ್ಲ. ಧ್ವನಿ ನಂದಽ, ಬುದ್ಧಿ ಈಕೀದು."

ಕಾಕಾ ನಕ್ಕರು, ಹುಡುಗರು ನಕ್ಕರು, ತಡವಾಗಿ ಅಧ್ಯಕ್ಷರೂ ನಕ್ಕರು. ಒಕ್ಕೂಟದ ಹುದ್ದೆ ನೀಲವ್ವನಿಗೆ ಸಿಕ್ಕಿತು. ಮೊದಲ ದಿನದ ಭಾಷಣವನ್ನು ಅವಳು ಎರಡು ಕೆಮ್ಮಿನಿಂದಲೇ ಶುರುಮಾಡಿದಳಂತೆ. ಮೊದಲ ಚಪ್ಪಾಳೆ ಬಂದದ್ದು ಹಿಂದಿನ ಸಾಲಿನಿಂದ. ಅಲ್ಲಿ ಹೊಸ ಜುಬ್ಬಾ ಹಾಕಿಕೊಂಡ ಒಬ್ಬರು ಕೂತಿದ್ದರು.

ನಕ್ಕಿರಿ. ಈಗ ನಮ್ಮ ಗವಿಗೆ ಬರೋಣ. ಮನೆಯಲ್ಲಿ ಯಾವ ಮಾತಿಗೂ ಕೊನೆಯ ಅಪ್ಪಣೆ ನಿಮ್ಮದೇ ಅಲ್ಲವೇ ಯಜಮಾನರೆ? ದಾರಿ ತಪ್ಪಿದೆ ಎಂದು ನಿಮಗೂ ಗೊತ್ತು, ಮನೆಯವರಿಗೂ ಗೊತ್ತು, ಆದರೂ ಕಾಲಿನಿಂದ ತಳ್ಳುತ್ತೀರಿ, ಬಾಯಿಬಿಟ್ಟು ಹೇಳುವುದಿಲ್ಲ. ಮೊಮ್ಮಗಳು ಪ್ರಶ್ನೆ ಕೇಳಿದರೆ ಕೊನೆಗೆ ಕೂಡಿಸುತ್ತೀರಿ. ಬಾಗಿಲಿಗೆ ಹತ್ತಿರ ಇರುವವಳು ಅವಳೇ ಎಂಬುದು ನಿಮಗೆ ಕಾಣುವುದಿಲ್ಲ. ನಾಳೆ ಬೆಳಿಗ್ಗೆ ಚಹಾ ಕುಡಿಯುವಾಗ ಮನೆಯವರ ಮುಂದೆ ಒಮ್ಮೆ ಹೇಳಿ ನೋಡಿ, ನಾನು ಸಿಕ್ಕಿಕೊಂಡಿದ್ದೇನೆ, ಸ್ವಲ್ಪ ಹಿಂದಕ್ಕೆ ಸರಿಯೋಣ ಎಂದು. ಆಕಾಶವೇನೂ ಬೀಳುವುದಿಲ್ಲ. ಚಹಾ ಕೂಡ ಆರುವುದಿಲ್ಲ.

ನಾಳೆಯ ತನಕ ಯಾಕೆ? ಈ ಸಭಾಮಂಟಪಕ್ಕೆ ಇರುವುದು ಒಂದೇ ಬಾಗಿಲು, ಅದೂ ಹಿಂದೆ. ಪ್ರತಿ ಸೋಮವಾರ ಪ್ರವಚನ ಮುಗಿದ ಕೂಡಲೇ ಮುಂದಿನ ಸಾಲಿನ ಗಣ್ಯರು ಎದ್ದು, ಎಲ್ಲರ ಕಾಲು ತುಳಿದು, ದಾಸೋಹದ ಪಂಕ್ತಿಗೆ ಹೊರಡುತ್ತಾರೆ. ಕೂಸನ್ನು ಎತ್ತಿಕೊಂಡ ತಾಯಿ ಬಾಗಿಲ ಪಕ್ಕದಲ್ಲೇ ಕೂತಿದ್ದರೂ ಅವರು ದಾಟುವ ತನಕ ಏಳುವುದಿಲ್ಲ. ಇವತ್ತು ಹಾಗೆ ಬೇಡ. ಬಾಗಿಲ ಹತ್ತಿರ ಕೂತಿರುವ ತಾಯಿ, ಮೊದಲು ನೀವು ಏಳಿ. ಆಮೇಲೆ ನಿಮ್ಮ ಮುಂದಿನ ಸಾಲು, ಆಮೇಲೆ ಅದರ ಮುಂದಿನದು. ಗಣ್ಯರೆ, ಕೆಮ್ಮಬೇಡಿ, ಕೂತಿರಿ. ಹೋಳಿಗೆ ಎಲ್ಲರಿಗೂ ಉಳಿಯುತ್ತದೆ. ಉಳಿಯದಿದ್ದರೆ ಮೊದಲು ತಪ್ಪುವುದು ನನಗೇ, ಈ ಮಂಟಪದಲ್ಲಿ ಎಲ್ಲರಿಗಿಂತ ಒಳಗೆ ಗೋಡೆಗೆ ಆನಿಕೊಂಡು ಕೂತವನು ನಾನು.