ನಾನು ತಿದ್ದಿದ ನಕ್ಷತ್ರ

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ನನ್ನನ್ನು ಕಂಬದ ಮರೆಯ ಕುರ್ಚಿಯಲ್ಲಿ ಕೂರಿಸಿದ ವ್ಯವಸ್ಥಾಪಕರೇ, ಸಭಿಕರೇ,

ಇಂದು ಪದಕ ಪಡೆದ ವಿಜ್ಞಾನಿ ನನ್ನ ಒಡಹುಟ್ಟಿದ ತಂಗಿ. ಆಕೆಗೆ ಗುಣಾಕಾರ ಕಲಿಸಿದವನು ನಾನು. ಈ ಸಂಸ್ಥೆಗೆ ಕರೆತಂದವನೂ ನಾನು. ಇದುವರೆಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಹೇಳಬೇಕಾಯಿತು.

ಆಕೆಯ ಸಂಶೋಧನೆ ಏನು? ನ್ಯೂಟ್ರಾನ್ ನಕ್ಷತ್ರವೆಂದರೆ ಒಂದು ಊರಿನಷ್ಟು ಗಾತ್ರ, ತೂಕದಲ್ಲಿ ಸೂರ್ಯನಿಗೂ ಮಿಗಿಲು. ಆಕೆ ಅಧ್ಯಯನ ಮಾಡಿದ್ದಕ್ಕೆ ಒಂದು ಜೊತೆ ನಕ್ಷತ್ರವೂ ಇದೆ. ಜೊತೆಯದರ ಅನಿಲ ಸುತ್ತಿ ಸುತ್ತಿ ಇದರ ಮೇಲೆ ಬೀಳುತ್ತದೆ; ಬಿದ್ದಂತೆಲ್ಲ ಇದು ಇನ್ನಷ್ಟು ವೇಗವಾಗಿ ತಿರುಗುತ್ತದೆ. ಹೊಗಳಿಕೆ ಯಾರಿಗೆ? ತಿರುಗಿದ್ದಕ್ಕೆ! ಸುರಿದುಕೊಟ್ಟದ್ದರ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ನಗಬೇಡಿ, ನಾನು ಆಕಾಶದ ವಿಷಯವನ್ನೇ ಹೇಳುತ್ತಿದ್ದೇನೆ.

ಹೊಟ್ಟೆಕಿಚ್ಚೇ ಎಂದರೆ, ಹೌದು. ಆಕೆಯ ಚಿತ್ರ ಪತ್ರಿಕೆಯಲ್ಲಿ ಬಂದ ದಿನ ಅಮ್ಮ ಅದಕ್ಕೆ ಚೌಕಟ್ಟು ಹಾಕಿಸಿದರು. ನನ್ನ ಪದವಿಯ ಚಿತ್ರವಿದ್ದ ಮೊಳೆಗೇ ತೂಗುಹಾಕಿದರು.

ಆ ನಕ್ಷತ್ರವನ್ನು ಮೊದಲ ಹನ್ನೊಂದು ವರ್ಷ ನೋಡಿಕೊಂಡವನು ನಾನು. ಅದು ಒಂದು ಸುತ್ತು ತಿರುಗಿದಾಗಲೆಲ್ಲ, ಅಂದರೆ ನಾಲ್ಕು ಸೆಕೆಂಡಿಗೊಮ್ಮೆ, ಅದರ ಕ್ಷ-ಕಿರಣದ ಮಿಡಿತ ನಮ್ಮ ಉಪಗ್ರಹಕ್ಕೆ ಬರುತ್ತಿತ್ತು. ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟು ಬೇಗ ಬರತೊಡಗಿತು. ನಾನೇನು ಮಾಡಿದೆ? ಉಪಗ್ರಹದ ಗಡಿಯಾರವೇ ಹಿಂದೆ ಬಿದ್ದಿದೆಯೆಂದು ತೀರ್ಮಾನಿಸಿದೆ. ಪ್ರತಿ ವರ್ಷ ಅಂಕಿಗಳನ್ನು ತಿದ್ದಿ, ಮಿಡಿತವನ್ನು ಸರಿಯಾಗಿ ನಾಲ್ಕಕ್ಕೆ ತಂದು ನಿಲ್ಲಿಸಿದೆ. ಅಚ್ಚುಕಟ್ಟಾದ ಕೆಲಸವೆಂದು ಬೆನ್ನು ತಟ್ಟಿಸಿಕೊಂಡೆ ಕೂಡ.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಇವಳು ನನ್ನ ಮೇಜಿನ ಬಳಿ ನಿಂತು ಕೇಳಿದಳು: "ಅಣ್ಣಾ, ಗಡಿಯಾರ ಸರಿಯಾಗೇ ಇದ್ರೆ?"

"ತಲೆಹರಟೆ ಮಾಡ್ಬೇಡ, ಹೇಳಿದ್ದು ಬರ್ಕೋ" ಅಂದೆ.

ಬರೆದುಕೊಂಡಳು. ಆದರೆ ನಾನು ತಿದ್ದುವ ಮೊದಲಿನ ಅಂಕಿಗಳನ್ನು, ಬೇರೊಂದು ಪುಸ್ತಕದಲ್ಲಿ. ಇಂದಿನ ಪದಕ ಬಂದಿರುವುದು ಆ ಪುಸ್ತಕದಿಂದ.

ಆಕೆಯ ಪ್ರಬಂಧದ ಮೊದಲ ಪುಟದಲ್ಲಿ ಒಂದು ಸಾಲಿದೆ: "ಈ ಅಂಕಿಗಳನ್ನು ಸಂಗ್ರಹಿಸಿದವರು ನನ್ನ ಅಣ್ಣ." ತಿದ್ದಿದವನೂ ಅವನೇ ಎಂದು ಎಲ್ಲಿಯೂ ಬರೆದಿಲ್ಲ. ಮೂರು ಸಲ ಹುಡುಕಿದೆ. ಬರೆದಿದ್ದರೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಟ್ಟುಕೊಂಡು ಇರುತ್ತಿದ್ದೆ. ಈ ಸಭಾಂಗಣದಲ್ಲಿ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಈಗ ನಿಮಗೂ ಗೊತ್ತಾಯಿತು. ತಂಗಿ ತಲೆ ತಗ್ಗಿಸಿದ್ದಾಳೆ, ತಗ್ಗಿಸಬೇಕಾದವಳು ಅವಳಲ್ಲ.

ಅಧ್ಯಕ್ಷರು ಎರಡನೇ ಸಲ ಕೈಗಡಿಯಾರ ನೋಡಿದರು. ಅದು ಸರಿಯಾಗಿಯೇ ಇದೆ, ಸ್ವಾಮಿ. ಈ ಸಲ ನಾನು ತಿದ್ದುವುದಿಲ್ಲ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ, ಇಷ್ಟು ವರ್ಷ ಸಹಿಸಿಕೊಂಡವಳಿಗೆ ಮೊದಲ ಧನ್ಯವಾದ. ನಮಸ್ಕಾರ.